ರೋಸಿ, ಟಾಮ್ ಮತ್ತು ವರಲಕ್ಷ್ಮಿ ಟೀಚರ್

ವಿಮಾನ ನಿಲ್ದಾಣದಿಂದ ಬನಶಂಕರಿಗೆ ಹೊರಟ ಬಸ್ಸು ಸಿಲ್ಕ್ ಬೋರ್ಡ್ ದಾಟಿ, ಬಿಟಿಎಂ ಲೇಔಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ವಿಯೆಟ್ನಾಮಿನಲ್ಲಿ ಒಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ವಾಪಸಾಗುತ್ತಿದ್ದೇನೆ ಎಂದದ್ದೇ ತಡ, ಪಕ್ಕದ ಸೀಟಿನ ಆಂಟಿ ಕನ್ನಡಕ ಏರಿಸಿಕೊಂಡು ನನ್ನ ಫೋನಿನತ್ತ ಬಗ್ಗಿದರು. ಬೀಳ್ಕೊಡುಗೆಯ ಫೋಟೊ ತೋರಿಸಿದೆ.

"ಈ ಹಲ್ಲು ಬಿದ್ದಿರೋ ಪುಟ್ಟಿ ಹೆಸ್ರೇನಮ್ಮ?"

"ರೋಸಿ."

"ಇವನು?"

"ಟಾಮ್."

"ಎಲ್ಲಾ ಕ್ರಿಶ್ಚಿಯನ್ಸಾ?"

"ಅಲ್ಲ ಆಂಟಿ. ಅವ್ರ ಹೆಸ್ರು ಹೇಳೋಕೆ ನನಗೆ ನಾಲಿಗೆ ಹೊರಳ್ತಿರಲಿಲ್ಲ. ಮೊದಲ್ನೇ ದಿನಾನೇ ನಾನು ಬೇರೆ ಹೆಸ್ರು ಇಟ್ಬಿಟ್ಟೆ."

"ಮತ್ತೆ ಮನೇಲಿ ಇವಳನ್ನ ಏನಂತ ಕರೀತಾರೆ?"

ಅವಳು ಯಾವ ಬೆಂಚಿನಲ್ಲಿ ಕೂರುತ್ತಾಳೆ, ಯಾವ ಬಣ್ಣದ ಪೆನ್ಸಿಲ್ ಕಚ್ಚುತ್ತಾಳೆ, ಎಲ್ಲ ಗೊತ್ತಿತ್ತು. ಅದೊಂದು ಗೊತ್ತಿರಲಿಲ್ಲ. "ಮರೆತುಹೋಯ್ತು" ಎಂದೆ. ಗೊತ್ತಿದ್ದರೆ ತಾನೇ ಮರೆಯುವುದು?

ಅಷ್ಟರಲ್ಲಿ ಆಂಟಿಯ ಬೆರಳು ತಗುಲಿ ಮುಂದಿನ ವಿಡಿಯೋ ಶುರುವಾಯಿತು. ಮಕ್ಕಳೆಲ್ಲ ಸಾಲಾಗಿ ನಿಂತು, ಒಂದೊಂದು ಅಕ್ಷರವನ್ನೂ ಜೋಪಾನವಾಗಿ ಎತ್ತಿಡುವಂತೆ ಕೂಗಿದರು: "ಬೈ ಬೈ, ವ-ರ-ಲ-ಕ್ಷ್ಮಿ ಟೀಚರ್!" ನಾನು ಹೇಳಿಕೊಟ್ಟಿದ್ದು ಬರೀ 'ಲಕ್ಕಿ ಟೀಚರ್' ಎಂದು. ಪೂರ್ತಿ ಹೆಸರನ್ನು ಅವರೇ ಯಾರನ್ನೋ ಕೇಳಿ ಕಲಿತಿದ್ದರು. ರೋಸಿಯ ದನಿ ಎಲ್ಲರಿಗಿಂತ ಜೋರು.

"ಅಯ್ಯೋ, ನಿನ್ನ ಹೆಸ್ರು ಎಷ್ಟು ಚೆನ್ನಾಗಿ ಹೇಳ್ತವೆ! ಇನ್ನೊಂದ್ಸಲ ಹಾಕಮ್ಮ."

ಚಾರ್ಜ್ ಮುಗಿಯಿತು ಎಂದು ಸುಳ್ಳು ಹೇಳಿ ಫೋನನ್ನು ಬ್ಯಾಗಿಗೆ ತುರುಕಿ, ಜಿಪ್ ಎಳೆದು ಕಿಟಕಿಯತ್ತ ತಿರುಗಿದೆ. ವಿಡಿಯೋ ನಿಲ್ಲಿಸಿರಲಿಲ್ಲ, ಅದು ತಾನಾಗಿಯೇ ಮತ್ತೆ ಮೊದಲಿಂದ ಶುರುವಾಗಿತ್ತು. ಬ್ಯಾಗಿನೊಳಗಿಂದ ಮಕ್ಕಳು ಮತ್ತೆ ನನ್ನ ಹೆಸರು ಕೂಗಿದರು.