ಎರ್ಲಿಂಡಾ ತನ್ನ ಮನೆಯನ್ನು ಹಳಿಯಲಿಲ್ಲ

ಎರ್ಲಿಂಡಾ ಬಾಲ್ಡೆರಾಸ್ ಬೇಸಿಗೆಯಲ್ಲಿ ಮನೆಗೆ ನೀರು ಹಾಕುತ್ತಾಳೆ. ಗಿಡಕ್ಕಲ್ಲ, ಮನೆಗೇ. ಮೇ ತಿಂಗಳು ಹುಟ್ಟಿತೆಂದರೆ ಅಡಿಪಾಯದಿಂದ ಒಂದೂವರೆ ಅಡಿ ದೂರಕ್ಕೆ, ಮೈತುಂಬ ಸಣ್ಣ ತೂತುಗಳಿರುವ ಪೈಪನ್ನು ಮನೆಯ ಸುತ್ತ ಹಾಸಿ, ಸಂಜೆ ಅರ್ಧ ಗಂಟೆ ನಲ್ಲಿ ತಿರುಗಿಸುತ್ತಾಳೆ. ಟೆಕ್ಸಾಸಿನ ಆ ಭಾಗದ್ದು ಎರೆಮಣ್ಣು. ಒಣಗಿದರೆ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ನೆನೆದರೆ ಉಬ್ಬುತ್ತದೆ. ಅದರ ಮೇಲೆ ಕೂತ ಮನೆ ಒಂದು ಮೂಲೆ ಎದ್ದು ಇನ್ನೊಂದು ಮೂಲೆ ಕುಸಿದು, ಗೋಡೆ ಸೀಳಿಕೊಳ್ಳುತ್ತದೆ. ಅವಳಿರುವ ಮೊರೆಲಿಯಾ ಬೀದಿಯಲ್ಲಿ ಬಾಗಿಲು ಹಾಕಲು ಭುಜ ಕೊಡಬೇಕಾದ ಮನೆಗಳೇ ಹೆಚ್ಚು. ಎರ್ಲಿಂಡಾಳ ಮನೆಯ ಬಾಗಿಲನ್ನು ಒಂದು ಬೆರಳಲ್ಲಿ ಮುಚ್ಚಬಹುದು.

ಕಟ್ಟಿದವನು ಅವಳ ಅಪ್ಪ. ವಾರವಿಡೀ ಊರವರ ಮನೆಗೆ ಇಟ್ಟಿಗೆ ಇಟ್ಟು, ಭಾನುವಾರ ತನ್ನ ಮನೆಗೆ ಇಡುತ್ತಿದ್ದ. ಹಾಗೆ ಏಳು ವರ್ಷ ಹಿಡಿಯಿತು. ನೀರು ಹಾಕುವುದನ್ನು ಶುರುಮಾಡಿದವಳು ಅಮ್ಮ. ಎರ್ಲಿಂಡಾ ಮದುವೆಯಾಗಿ ಹೋಗಿ ನಾಲ್ಕನೇ ವರ್ಷಕ್ಕೆ ಒಂದು ಪೆಟ್ಟಿಗೆಯೊಂದಿಗೆ ಹಿಂದಿರುಗಿದಾಗ ಯಾಕೆಂದು ಯಾರೂ ಕೇಳಲಿಲ್ಲ. ಅಮ್ಮ ಪೈಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು, ಅಷ್ಟೆ. ಅಲ್ಲಿಂದ ಈವರೆಗೆ ಮೂವತ್ತೊಂದು ವರ್ಷ ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಬೆಳಗಿನ ಐದಕ್ಕೆ ಎದ್ದು ಆರುನೂರು ಮಕ್ಕಳಿಗೆ ಕಾಳು ಬೇಯಿಸಿ, ರೊಟ್ಟಿ ಸುಟ್ಟು, ಕೊನೆಯ ಹನ್ನೊಂದು ವರ್ಷ ಮನೆಗೆ ಬಂದು ಹಾಸಿಗೆ ಹಿಡಿದ ಅಮ್ಮನಿಗೂ ಉಣಿಸಿದಳು.

ಅಮ್ಮ ತೀರಿಕೊಂಡ ಮೇಲೆ ಮನೆ ಅವಳ ಹೆಸರಿಗೆ ಬಂತು. ಏಪ್ರಿಲ್‌ನಲ್ಲಿ, ತೆರಿಗೆಗೆಂದು ಮನೆಗಳಿಗೆ ಬೆಲೆ ಕಟ್ಟುವ ಕಚೇರಿಯ ಕಾಗದವೂ ಬಂತು. ಹೋದ ವರ್ಷ ತೊಂಬತ್ತೆಂಟು ಸಾವಿರ ಡಾಲರ್ ಎಂದಿದ್ದ ಮನೆಗೆ ಈ ವರ್ಷ ಎರಡು ಲಕ್ಷ ನಲವತ್ತಾರು ಸಾವಿರ. ಅಮ್ಮನ ಹೆಸರಿನಲ್ಲಿದ್ದಾಗ ವಯಸ್ಸಾದವರ ರಿಯಾಯಿತಿ ಇತ್ತು. ಬೆಲೆ ವರ್ಷಕ್ಕೆ ಇಷ್ಟಕ್ಕಿಂತ ಏರಬಾರದೆಂಬ ಮಿತಿಯೂ ಇತ್ತು. ಹೆಸರು ಬದಲಾಗುತ್ತಲೇ ಎರಡೂ ಕಳಚಿ ಬಿದ್ದವು. ತನ್ನದೇ ರಿಯಾಯಿತಿಗೆ ಅವಳು ಇನ್ನೂ ಆರು ವರ್ಷ ಕಾಯಬೇಕಿತ್ತು. ಆ ಬೆಲೆಗೆ ತೆರಿಗೆಯೆಂದರೆ ವರ್ಷದಲ್ಲಿ ಎರಡು ತಿಂಗಳ ಸಂಬಳ. ಕಟ್ಟದೆ ಬಾಕಿ ಬೆಳೆದರೆ, ತಿಂಗಳ ಮೊದಲ ಮಂಗಳವಾರ ಕೋರ್ಟಿನ ಮೆಟ್ಟಿಲ ಬಳಿ ಹರಾಜು. ಆ ಬೀದಿಯ ಎರಡು ಮನೆಗಳು ಹಾಗೆಯೇ ಹೋಗಿದ್ದವು.

ಈ ಬೆಲೆಯ ಮೇಲೆ ತಕರಾರು ಸಲ್ಲಿಸುವುದು ಆ ಬೀದಿಗೆ ಹೊಸತಲ್ಲ. ಮೇ ಬಂದರೆ ಸಾಕು, ವರ್ಷವಿಡೀ ಮನೆಗೆ ಬಣ್ಣ ಬಳಿದವರೂ ಫೋನು ಹಿಡಿದು ಅದರ ಹುಳುಕು ಹುಡುಕುತ್ತಾರೆ. ಕೊಳೆತ ಹಲಗೆ, ತೊಟ್ಟಿಕ್ಕುವ ನಲ್ಲಿ, ಜೋತುಬಿದ್ದ ಜಗಲಿ. ಯಾರ ಮನೆ ಹೆಚ್ಚು ಹಾಳೋ ಅವರಿಗೆ ಬೆಲೆ ಅಷ್ಟು ಇಳಿಯುತ್ತದೆ.

ಇದರಲ್ಲಿ ಪಳಗಿದವನು ಎರ್ಲಿಂಡಾಳ ತಮ್ಮ ಚೂಯಿ. ಮಾಳಿಗೆ ರಿಪೇರಿ ಅವನ ಕಸುಬು. ಅವನು ಬಂದಾಗ ಪಕ್ಕದ ಮನೆಯ ಟೆಂಚಾ ಅಡುಗೆಮನೆಯಲ್ಲಿ ಕಾಫಿ ಹಿಡಿದು ಕೂತಿದ್ದಳು.

"ಅಕ್ಕಾ, ಬಚ್ಚಲಲ್ಲಿ ಒಂದು ಹಲಗೆನಾದ್ರೂ ಕೊಳೆತಿದ್ಯಾ?"

"ಹೋದ ವರ್ಷ ನೀನೇ ಹೊಸದು ಹಾಕ್ಕೊಟ್ಟೆಯಲ್ಲೋ."

"ಹಾಕಬಾರದಿತ್ತು. ಮಾಳಿಗೆ?"

"ಅದೂ ನೀನೇ."

"ಥೂ, ನನ್ನ ಕೈಗಿಷ್ಟು ಕೆಟ್ಟ ಬುದ್ಧಿ ಇರ್ಬೇಕಿತ್ತು."

ಟೆಂಚಾ ನಕ್ಕಳು. "ನಮ್ಮನೆ ಹಿಂದಿನ ಗೋಡೆ ಬಿರುಕಲ್ಲಿ ನಮ್ಮೆಜಮಾನ್ರ ಕೈ ಹೋಗತ್ತೆ ಕಣೇ. ನಲವತ್ತು ಸಾವಿರ ಇಳಿಸಿದ್ರು. ಮೂವತ್ತು ವರ್ಷ ಮನೆಗೆ ನೀರು ಕುಡಿಸಿದ್ಯಲ್ಲ, ಈಗ ಅನುಭವಿಸು."

"ಬಿರುಕು ಬಿಟ್ಟದ್ದಕ್ಕೆ ನಿಂಗೆ ಹೆಮ್ಮೆ ಬೇರೆ" ಎಂದಳು ಎರ್ಲಿಂಡಾ. ಆದರೆ ಟೆಂಚಾಳ ಮಾತು ಅವಳ ಎದೆಯಲ್ಲಿ ಉಳಿಯಿತು.

ಜೂನ್‌ನಲ್ಲಿ ಕಚೇರಿಯ ಪ್ರೂಯಿಟ್ ಎಂಬ ಯುವಕನೆದುರು ಮೊದಲ ಮಾತುಕತೆ. ಸಂಭಾವಿತ ಹುಡುಗ. ಪರದೆಯ ಮೇಲೆ ಅವಳ ಮನೆಯ ವಿವರ ತೆರೆದು, ‘ಸ್ಥಿತಿ’ ಎಂಬ ಸಾಲಿನ ಮುಂದೆ ‘ಚೆನ್ನಾಗಿದೆ’ ಎಂದಿದ್ದುದನ್ನು ತೋರಿಸಿದ.

"ಇಲ್ಲಿ ‘ಕಳಪೆ’ ಅಂತ ಮಾಡಿದ್ರೆ ನಾನು ಎರಡು ಲಕ್ಷದ ಐದು ಸಾವಿರಕ್ಕೆ ಇಳಿಸಬಹುದು ಮೇಡಂ. ನೀವು ಒಂದು ರುಜು ಹಾಕಿದ್ರೆ ಆಯ್ತು, ತಕರಾರು ಕೇಳೋ ಮಂಡಳಿ ಮುಂದೆ ಹೋಗೋ ತಾಪತ್ರಯ ಇರಲ್ಲ."

"ನೀವು ನಮ್ಮನೆ ನೋಡಿದ್ದೀರಾ?"

"ಇಲ್ಲ ಮೇಡಂ. ಮೇಲಿಂದ ತೆಗೆದ ಫೋಟೋ ಇದೆ."

"ನೋಡದೇನೇ ಚೆನ್ನಾಗಿದೆ ಅಂತ ಬರೆದ್ರಿ. ಪರವಾಗಿಲ್ಲ, ಅದು ನಿಜ. ಈಗ ನೋಡದೇನೇ ಕಳಪೆ ಅಂತೀರಿ, ಅದು ಸುಳ್ಳು. ನಮ್ಮಪ್ಪ ಕಟ್ಟಿದ್ದು ಕಳಪೆ ಅಂತ ನಾನು ರುಜು ಹಾಕಲ್ಲ."

ಹೊರಗೆ ಬಂದಾಗ, ಜೊತೆಗಿದ್ದ ಚೂಯಿ ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. "ನಲವತ್ತೊಂದು ಸಾವಿರ ಅಕ್ಕಾ! ಒಂದು ಪದಕ್ಕೆ!"

ಅವಳು ಮೇ ತಿಂಗಳಲ್ಲಿ ಸಲ್ಲಿಸಿದ್ದ ತಕರಾರಿನ ನಮೂನೆಯ ಪ್ರತಿಯನ್ನು ಮತ್ತೆ ಬಿಡಿಸಿ ಓದಿದಳು. ಎರಡು ಚೌಕಗಳಿದ್ದವು. ಬೆಲೆ ಹೆಚ್ಚಾಯಿತು ಎನ್ನುವುದು ಮೊದಲನೆಯದು. ಬೀದಿಯವರೆಲ್ಲ ಗುರುತು ಹಾಕುವುದು ಅದಕ್ಕೇ. ಎರಡನೆಯದು, ನನ್ನ ಮನೆಯನ್ನು ಅಂಥವೇ ಬೇರೆ ಮನೆಗಳಿಗೆ ಸಮನಾಗಿ ನೋಡಿಲ್ಲ ಎನ್ನುವುದು. ಆಗ ಎರಡಕ್ಕೂ ಗುರುತು ಹಾಕಿದ್ದು ಅವಳ ಅದೃಷ್ಟ. ಶಾಲೆಗೆ ಬೇಸಿಗೆ ರಜೆ. ಅವಳು ಒಂದು ನೋಟ್‌ಬುಕ್ ಹಿಡಿದು ಹೊರಟಳು. ಬೆಳಿಗ್ಗೆ ಸುತ್ತಲ ನಾಲ್ಕು ಬೀದಿ ನಡೆದು ತನ್ನ ಮನೆಯಷ್ಟೇ ದೊಡ್ಡ, ಅಷ್ಟೇ ವಯಸ್ಸಿನ ಮನೆಗಳನ್ನು ಗುರುತಿಸಿದಳು. ಮಧ್ಯಾಹ್ನ ಲೈಬ್ರರಿಯ ಕಂಪ್ಯೂಟರಿನಲ್ಲಿ ಒಂದೊಂದರ ಬೆಲೆಯನ್ನೂ ತೆಗೆದಳು. ಕಚೇರಿ ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹನ್ನೊಂದು ಮನೆ ಸಿಕ್ಕವು. ಅವುಗಳಲ್ಲಿ ಆರು, ದೂರದ ಕಂಪನಿಯೊಂದು ಕೊಂಡು ಬೂದು ಬಣ್ಣ ಹೊಡೆದು ಬಾಡಿಗೆಗೆ ಬಿಟ್ಟಂಥವು. ಎಲ್ಲದಕ್ಕೂ ‘ಚೆನ್ನಾಗಿದೆ’ ಎಂದೇ ಇತ್ತು. ಒಂದೂ ಎರಡು ಲಕ್ಷ ಮುಟ್ಟಿರಲಿಲ್ಲ. ಅವಳು ಹನ್ನೊಂದನ್ನೂ ಬೆಲೆ ಪ್ರಕಾರ ಸಾಲಾಗಿ ಬರೆದುಕೊಂಡಳು.

ಜುಲೈನಲ್ಲಿ ಮೂವರು ಸದಸ್ಯರ ಮಂಡಳಿ. ಎಲ್ಲರೂ ಊರಿನ ಸಾಮಾನ್ಯರೇ. ಅಧ್ಯಕ್ಷೆ ಬೆಳ್ಳಿಗೂದಲಿನ ನಿವೃತ್ತ ಟೀಚರು. ಎರ್ಲಿಂಡಾ ಕೈಯೆತ್ತಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದಳು. ಮಂಡಳಿಗೆ ಕಾಗದಪತ್ರ ಕಳಿಸುವುದನ್ನು ವಹಿಸಿಕೊಂಡಿದ್ದ ಚೂಯಿ ಪಕ್ಕದಲ್ಲಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೇಜಿನ ಆ ಬದಿಗೆ ಪ್ರೂಯಿಟ್.

ಅಧ್ಯಕ್ಷೆ ಪರದೆಯ ಮೇಲೆ ಒಂದು ಫೋಟೋ ತೆರೆದರು. ಗೋಡೆಯಲ್ಲಿ ಉದ್ದಕ್ಕೆ ಬಿರುಕು. ಅದರೊಳಗೆ ಗೆಣ್ಣಿನವರೆಗೂ ತೂರಿದ ಗಂಡಸಿನ ಕೈ.

"ನಿಮ್ಮ ಕಡೆಯಿಂದ ಬಂದಿರೋದು. ಹಿಂದಿನ ಗೋಡೆ ಅಲ್ವಾ? ಅಯ್ಯೋ, ತುಂಬಾ ಕೆಟ್ಟಿದೆ." ಅವರ ದನಿಯಲ್ಲಿ ಕನಿಕರವಿತ್ತು. ಪಕ್ಕದ ಸದಸ್ಯ ಆಗಲೇ ಏನೋ ಗುರುತು ಹಾಕಿಕೊಳ್ಳುತ್ತಿದ್ದ.

ಆ ಕೈ ಟೆಂಚಾಳ ಗಂಡನದು. ಎರ್ಲಿಂಡಾ ತಮ್ಮನ ಕಡೆ ತಿರುಗಿದಳು. ಚೂಯಿ ಸೀಲಿಂಗು ನೋಡುತ್ತಿದ್ದ; ಮೇಜಿನಡಿ ಅವನ ಬೂಟು ಅವಳ ಕಾಲನ್ನು ಮೆಲ್ಲಗೆ ಒತ್ತಿತು. ಹೂಂ ಎಂದರೆ ಸಾಕಿತ್ತು. ಅನ್ನದೆ ಸುಮ್ಮನಿದ್ದರೂ ಸಾಕಿತ್ತು.

"ಅದು ನಮ್ಮನೆ ಗೋಡೆ ಅಲ್ಲ" ಎಂದಳು ಅವಳು. "ತೆಗೆದುಬಿಡಿ."

"ಫೋನಲ್ಲಿ ಯಾವುದ್ಯಾವುದೋ ಬೆರೆತುಹೋಗಿದೆ ಮೇಡಂ" ಎಂದು ಚೂಯಿ ಗೊಣಗಿದ.

ಗುರುತು ಹಾಕುತ್ತಿದ್ದ ಸದಸ್ಯ ಪೆನ್ನನ್ನು ಕಾಗದದಿಂದ ಎತ್ತಿದ. "ನಿಮ್ಮ ಗೋಡೇಲಿ ಬಿರುಕೇ ಇಲ್ವಾ? ಹಳೇ ಪೈಪು? ಏನಾದ್ರೂ? ನೆನಪು ಮಾಡ್ಕೊಳ್ಳಿ ಅಮ್ಮಾ."

"ಏನೂ ಇಲ್ಲ ಸರ್. ಬಂದು ನೋಡಿ."

ಪ್ರೂಯಿಟ್ ಕಾಗದ ಸರಿಪಡಿಸಿಕೊಂಡ. "ಹಾಗಾದ್ರೆ ಮನೆ ಚೆನ್ನಾಗಿದೆ ಅಂತ ಅವರೇ ಒಪ್ತಿದ್ದಾರೆ."

"ಒಪ್ತೀನಿ. ಇನ್ನು ನೀವು ಒಪ್ಪಬೇಕು." ಅವಳು ನೋಟ್‌ಬುಕ್ ತೆರೆದಳು. "ಈ ಹನ್ನೊಂದು ಮನೆ ನಮ್ಮನೆಯಷ್ಟೇ ದೊಡ್ಡವು, ಎಲ್ಲಾ ನಡೆದು ಹೋಗೋ ದೂರದಲ್ಲಿವೆ. ಇವೂ ಚೆನ್ನಾಗಿವೆ ಅಂತ ನೀವೇ ಬರೆದಿದ್ದೀರಿ. ಬೆಲೆ ಪ್ರಕಾರ ಸಾಲಾಗಿ ನಿಲ್ಲಿಸಿ, ಐದು ಆ ಕಡೆ, ಐದು ಈ ಕಡೆ. ನಡುವಿನ ಮನೆಗೆ ನೀವು ಕಟ್ಟಿರೋದು ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ. ನಂಗೆ ಎರಡು ನಲವತ್ತಾರು ಯಾಕೆ?"

ಪ್ರೂಯಿಟ್ ಹಾಳೆ ತಿರುಗಿಸಿ ನೋಡಿದ. "ಇದರಲ್ಲಿ ಸುಮಾರು ಮನೆಗಳು ಆ ಕಂಪನೀದು. ಅವರು ಪ್ರತಿ ವರ್ಷ ಏಜೆಂಟ್ ಕಳಿಸಿ ಇಳಿಸ್ಕೊಂಡು ಹೋಗ್ತಾರೆ."

"ಅಂದ್ರೆ ಏಜೆಂಟ್ ಕಳಿಸೋರಿಗೆ ಒಂದು ಬೆಲೆ, ಶಾಲೆ ಮಕ್ಕಳಿಗೆ ಬೇಯಿಸಿ ಹಾಕೋರಿಗೆ ಒಂದು ಬೆಲೆನಾ ಸರ್? ಅವರ ಮನೆ ಅಡಿಗೂ ಅದೇ ಎರೆಮಣ್ಣು ಇರೋದು."

ಅಧ್ಯಕ್ಷೆ ಕನ್ನಡಕ ಏರಿಸಿ ಹನ್ನೊಂದು ಸಾಲುಗಳನ್ನೂ ಬೆರಳಿಟ್ಟು ಓದಿದರು, ಟೀಚರು ಮಕ್ಕಳ ಲೆಕ್ಕ ತಿದ್ದುವ ಹಾಗೆ. ಆಮೇಲೆ ಮೂವರೂ ಅವಳೆದುರೇ ಚರ್ಚಿಸಿದರು. ಆ ನಡುವಿನ ಬೆಲೆಗೆ, ಅವಳ ಮನೆಯ ಮುಚ್ಚಿದ ಜಗಲಿಗೆಂದು ಐದು ಸಾವಿರ ಸೇರಿಸಿದರು. ಒಬ್ಬ ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಒಂದು ಲಕ್ಷ ಎಂಬತ್ತನಾಲ್ಕು ಸಾವಿರ.

"ಸ್ಥಿತಿ ಜಾಗದಲ್ಲಿ ‘ಸಾಧಾರಣ’ ಅಂತ ಬದಲಿಸಿ ಬಿಡೋಣ" ಎಂದರು ಅಧ್ಯಕ್ಷೆ. "ಮುಂದಿನ ವರ್ಷವೂ ನಿಮಗೆ ಅನುಕೂಲ."

"ಬೇಡ ಮೇಡಂ. ಚೆನ್ನಾಗಿದೆ ಅಂತಲೇ ಇರ್ಲಿ. ಮುಂದಿನ ವರ್ಷ ನೋಟ್‌ಬುಕ್ ತರ್ತೀನಿ."

ಹೊರಗಿನ ಪಡಸಾಲೆಯ ಕುರ್ಚಿಗಳಲ್ಲಿ ಜನ ತಮ್ಮ ತಮ್ಮ ಮುರುಕು ಗೋಡೆಗಳ ಫೋಟೋಗಳನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರು. ಚೂಯಿ ಅವರನ್ನು ದಾಟುವವರೆಗೆ ತಡೆದುಕೊಂಡ.

"ಸುಮ್ಮನಿದ್ದಿದ್ರೆ ಒಂದೂವರೆ ಲಕ್ಷಕ್ಕೆ ಇಳಿಸ್ತಿದ್ರು ಅಕ್ಕಾ."

"ಇಳಿಸ್ತಿದ್ರೇನೋ."

"ಮತ್ತೆ? ಈಗ್ಲೂ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಗತ್ತೆ."

"ಹೋಗ್ಲಿ, ಕಟ್ತೀನಿ. ಆದ್ರೆ ಇನ್ನೊಂದ್ಸಲ ನಮ್ಮನೆ ಬಿದ್ದುಹೋಗಿದೆ ಅಂತ ಯಾರ ಮುಂದೆನಾದ್ರೂ ತೋರಿಸಿದ್ರೆ, ನಿನ್ನ ಆ ಜಜ್ಜಿಹೋದ ಟ್ರಕ್ಕಿನ ಫೋಟೋ ತೆಗೆದು ಇದೇ ನನ್ನ ತಮ್ಮನ ಮುಖ ಅಂತ ಊರಿಗೆಲ್ಲ ತೋರಿಸ್ತೀನಿ."

ಚೂಯಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳ ಕಂಕುಳಲ್ಲಿದ್ದ ನೋಟ್‌ಬುಕ್ ಎಳೆದುಕೊಂಡು, ಆ ಹನ್ನೊಂದು ಸಾಲುಗಳನ್ನು ಬಿಸಿಲಲ್ಲಿ ನಿಂತು ಮೊದಲಿನಿಂದ ಓದತೊಡಗಿದ.