ಸೌದೆ ಕೊಟ್ಟಿಗೆಯ ಧೂಳು

ಫಿನ್ಲೆಂಡಿನ ಸರೋವರದ ದಂಡೆಯಲ್ಲಿ ಅಂದು ಶನಿವಾರ, ಸೌನಾ ಎಂಬ ಹಬೆಸ್ನಾನದ ಮನೆ ಕಾಯಿಸುವ ದಿನ. ಓಲವಿ ಹೆಂಡತಿ ಹಿಲ್ಯಾಳ ಜೊತೆ ಕಾಫಿ ಕುಡಿಯುತ್ತಿದ್ದ. ಪಕ್ಕದ ಮನೆಯಿಂದ ಅವನ ಅಣ್ಣ ತೌನೊ ಬಂದ.

“ಲೋ, ನಮ್ಮಿಬ್ಬರ ಸೌದೆ ಕೊಟ್ಟಿಗೆ ಗುಡಿಸಿಬಿಡೋ. ನನಗೆ ಸೊಂಟ ಹಿಡ್ಕೊಂಡಿದೆ.”

“ಕೆಲಸ ಕಂಡ್ರೇನೇ ಹಿಡಿಯೋ ಸೊಂಟ ಅಲ್ವೇನಣ್ಣ ಅದು!” ಎಂದು ನಗುತ್ತ ಓಲವಿ ಪೊರಕೆ ಹಿಡಿದ. ನೆಲದ ತುಂಬ ಒಣಗಿದ ಇಲಿ ಹಿಕ್ಕೆ. ಹಾಗೇ ಗುಡಿಸಿದ.

ಮೂರು ವಾರಕ್ಕೆ ಜ್ವರ ಬಂತು. ನಾಲ್ಕನೆಯ ವಾರ ಸತ್ತ.

“ಕಾಡು ಇಲಿ ಜ್ವರ ಕಣಮ್ಮ, ಇಲಿ ಹಿಕ್ಕೆಯ ಧೂಳಿಂದ ಬರೋದು,” ಎಂದರು ಡಾಕ್ಟರು. “ದಪ್ಪ ಧೂಳು ಮೂಗಲ್ಲೇ ನಿಲ್ಲುತ್ತೆ. ಸಣ್ಣ ಧೂಳು ವೈರಸ್ ಹೊತ್ಕೊಂಡು ಶ್ವಾಸಕೋಶದ ತಳಕ್ಕಿಳಿದು ರಕ್ತ ಸೇರುತ್ತೆ. ಆಮೇಲೆ ಮೂತ್ರಪಿಂಡ ಕೆಡಿಸುತ್ತೆ. ಸಾಯೋರು ತೀರಾ ಅಪರೂಪ. ಒಂದು ಸಲ ಬಂದೋರಿಗೆ ಮತ್ತೆ ಬರೋದಿಲ್ಲ.”

ಮಣ್ಣು ಮಾಡಿ ಬಂದ ಮೇಲೆ ತೌನೊ ಬಾಯಿಬಿಟ್ಟ. “ಹೋದ ವರ್ಷ ನನಗೂ ಅದೇ ಕೊಟ್ಟಿಗೆಯಿಂದ ಇದೇ ಜ್ವರ ಬಂದಿತ್ತು.”

“ಹಾಗಾದ್ರೆ ನೀನು ಗುಡಿಸಿದ್ರೆ ನಿನಗೇನೂ ಆಗ್ತಿರ್ಲಿಲ್ಲ. ಅವನಿಗ್ಯಾಕೆ ಹೇಳ್ಲಿಲ್ಲ?” ಎಂದಳು ಹಿಲ್ಯಾ.

“ಹೇಳಿದ್ರೆ ಅವನು ಗುಡಿಸ್ತಿರ್ಲಿಲ್ವಲ್ಲ.”

ಹಿಲ್ಯಾ ತೌನೊನ ಮುಂದಿನ ಕಾಫಿ ಬಟ್ಟಲನ್ನು ಎತ್ತಿಟ್ಟಳು.

ಸೌದೆ ತಂದುಕೊಡುತ್ತೇನೆಂದು ಅವನು ಈಗಲೂ ಬಾಗಿಲು ತಟ್ಟುತ್ತಾನೆ. ಅವಳು ತೆರೆಯುವುದಿಲ್ಲ. ದಿನಾ ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿ, ಕೊಟ್ಟಿಗೆಯ ನೆಲಕ್ಕೆ ನೀರು ಚಿಮುಕಿಸಿ, ಧೂಳು ಅಡಗುವವರೆಗೂ ಹೊರಗೆ ನಿಂತು, ಆಮೇಲೆ ತಾನೇ ಸೌದೆ ತರುತ್ತಾಳೆ.