ಎಡಬಲದ ಬನಿಯನ್

೧೯೯೭ರಲ್ಲಿ ನನಗೆ ಇಪ್ಪತ್ಮೂರು ವರ್ಷ. ಬಿ.ಫಾರ್ಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಡಿಪ್ಲೊಮಾ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದೆ. ದಿನಾ ಮುಂಜಾನೆ ಧಾರವಾಡದಿಂದ ಬಸ್ಸಿನಲ್ಲಿ ನಿಂತು ಬರುವುದು, ಸಂಜೆ ನಿಂತೇ ಹೋಗುವುದು. ಕಾಲೇಜು ಅಂದರೆ ಒಂದು ಸಿಮೆಂಟ್ ಅಂಗಡಿಯ ಮೇಲಿನ ಎರಡು ಅಂತಸ್ತು. ನನಗೆ ಕೊಟ್ಟ ವಿಷಯ ಮೊದಲ ವರ್ಷದ ಅನಾಟಮಿ ಮತ್ತು ಫಿಜಿಯಾಲಜಿ. ಮನುಷ್ಯನ ಮೈಯೊಳಗೆ ಏನೇನು ಎಲ್ಲೆಲ್ಲಿ ಇದೆ, ಏನು ಕೆಲಸ ಮಾಡುತ್ತದೆ ಅನ್ನುವ ಪಾಠ. ಅದಕ್ಕೆಂದು ಆಡಳಿತ ಮಂಡಳಿಯವರು ಎರಡು ಬೆರಳು ಮುರಿದಿದ್ದ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ, ಆರು ಬಣ್ಣದ ಚಾರ್ಟು, ಒಂದು ಮೈಕ್ರೋಸ್ಕೋಪು ತಂದಿಟ್ಟಿದ್ದರು.

ಮೊದಲ ದಿನ ಕ್ಲಾಸಿಗೆ ಹೋದಾಗ ಕೊನೆಯ ಬೆಂಚಿನಲ್ಲಿ ದಪ್ಪ ಮೀಸೆಯ, ಅರ್ಧ ತಲೆ ಬೋಳಾಗಿದ್ದ ಒಬ್ಬರು ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಮಗನನ್ನೋ ಮಗಳನ್ನೋ ಬಿಡಲು ಬಂದವರಿರಬೇಕು ಅಂದುಕೊಂಡು, ಪಾಲಕರು ದಯವಿಟ್ಟು ಹೊರಗೆ ಕೂಡಬೇಕು ಅಂದೆ. ಅವರು ಎದ್ದು ನಿಂತು, ತಲೆ ಬಾಗಿಸಿ, ಹೊರಗೆ ಹೋಗಿ ಪಡಸಾಲೆಯ ಸ್ಟೂಲಿನ ಮೇಲೆ ಕೂತರು. ಪಾಠ ನಡೆದ ನಲವತ್ತು ನಿಮಿಷವೂ ಕಿಟಕಿಯಿಂದ ಇಣುಕಿ ನೋಡುತ್ತ ನೋಟ್ಸು ಬರೆದುಕೊಂಡರು. ಗಂಟೆ ಹೊಡೆದ ಮೇಲೆ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು:

"ಮೇಡಮ್ಮಾರ, ನಾನೂ ಇಲ್ಲಿ ವಿದ್ಯಾರ್ಥಿನ ರೀ. ರೋಲ್ ನಂಬರ್ ಹದಿನಾಕು."

ಹೆಸರು ಚನ್ನಯ್ಯ. ವಯಸ್ಸು ಮೂವತ್ತಾರು. ಹಳೇ ಹುಬ್ಬಳ್ಳಿಯಲ್ಲಿ ಗುರುಶಿದ್ದಪ್ಪ ಎಂಬವರ ಔಷಧಿ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಗಿರಾಕಿಗಳಿಗೆ ಗುಳಿಗೆ ಕೊಡುತ್ತಿದ್ದರು. ಡಾಕ್ಟರರ ಅಕ್ಷರ ಎಂಥದ್ದೇ ಇರಲಿ, ದೂರದಿಂದಲೇ ಓದುತ್ತಿದ್ದರಂತೆ. ಅಂಗಡಿಯ ಲೈಸೆನ್ಸಿನಲ್ಲಿ ಹೆಸರಿದ್ದ ಹಿರಿಯ ಫಾರ್ಮಾಸಿಸ್ಟರು ಮುಪ್ಪಾಗಿ ಮಗಳ ಊರಿಗೆ ಹೊರಟಾಗ, ಅವರ ಜಾಗಕ್ಕೆ ಓದಿದವರೊಬ್ಬರು ಬೇಕಾದರು. ಚನ್ನಯ್ಯ ಯಾವುದೋ ಕಾಲದಲ್ಲಿ ಪಿಯುಸಿ ಸೈನ್ಸನ್ನು ಮೂರನೇ ದರ್ಜೆಯಲ್ಲಿ ಪಾಸಾಗಿದ್ದು ಗುರುಶಿದ್ದಪ್ಪನವರಿಗೆ ನೆನಪಾಯಿತು. ಹೊಸಬನನ್ನು ತಂದು ಪಳಗಿಸುವುದಕ್ಕಿಂತ ಇದ್ದವರನ್ನೇ ಓದಿಸುವುದು ಛಲೋ ಅಂತ, ಮುಂಜಾನೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿ ಎಂದು ತೀರ್ಮಾನ ಮಾಡಿ ಫಾರ್ಮು ತುಂಬಿಸಿಬಿಟ್ಟಿದ್ದರು.

ಔಷಧಿಗಳ ವಿಷಯದಲ್ಲಿ ಚನ್ನಯ್ಯನವರೇ ನಮಗೆ ಪಾಠ ಹೇಳುವಂತಿದ್ದರು. ಯಾವ ಗುಳಿಗೆ ಯಾವ ಬಣ್ಣ, ಯಾವುದು ಕಹಿ, ಯಾವುದನ್ನು ನುಂಗಿದರೆ ಉಚ್ಚೆ ಹಳದಿಯಾಗುತ್ತದೆ, ಎಲ್ಲ ಗೊತ್ತು. ಆದರೆ ಆ ಗುಳಿಗೆ ಒಳಗೆ ಹೋದ ಮೇಲೆ ಯಾವ ದಾರಿ ಹಿಡಿಯುತ್ತದೆ ಅನ್ನುವುದನ್ನು ಮಾತ್ರ ಅವರು ಎಂದೂ ವಿಚಾರ ಮಾಡಿರಲಿಲ್ಲ. ಹೊಟ್ಟೆಯೆಂದರೆ ಒಂದು ಚೀಲ, ಹಾಕಿದ್ದೆಲ್ಲ ಅದರಲ್ಲಿ ಬೀಳುತ್ತದೆ, ಅಲ್ಲಿಂದ ನೋವಿದ್ದ ಕಡೆ ತಾನೇ ಹುಡುಕಿಕೊಂಡು ಹೋಗುತ್ತದೆ ಎಂಬ ನಂಬಿಕೆ.

ಎರಡನೇ ತಿಂಗಳು ಲಿವರಿನ ಪಾಠ. ಚಾರ್ಟು ತೂಗುಹಾಕಿ, ಲಿವರ್ ಮೈಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗಿರುತ್ತದೆ ಅಂದೆ. ಚನ್ನಯ್ಯ ಎದ್ದು ನಿಂತರು. ಚಾರ್ಟಿನಲ್ಲಿ ಎಡಕ್ಕಿದೆಯಲ್ಲ ಅಂದರು. ಚಿತ್ರದಲ್ಲಿರುವ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ, ಹಾಗಾಗಿ ಅವನ ಬಲ ನಮ್ಮ ಎಡಕ್ಕೆ ಬರುತ್ತದೆ ಎಂದು ವಿವರಿಸಿದೆ. ಅವರು ಚಾರ್ಟನ್ನು ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು, ಮತ್ತೆ ಚಾರ್ಟನ್ನು ನೋಡಿದರು. ಮುಖ ಬಿಳಿಚಿಕೊಂಡಿತು. 

ಮರುದಿನ ಬಂದು ಕಾರಣ ಹೇಳಿದರು. ಅಂಗಡಿಯಲ್ಲಿ ಮಾರುವ ಲಿವರ್ ಟಾನಿಕ್ಕಿನ ಡಬ್ಬಿಯ ಮೇಲೂ ಇಂಥದೇ ಚಿತ್ರವಿತ್ತು. ಅದನ್ನು ನೋಡಿ ಹದಿನಾರು ವರ್ಷ ಕೇಳಿದವರಿಗೆಲ್ಲ ಲಿವರ್ ಎಡಕ್ಕೆ ಇರುತ್ತದೆ ಅಂತ ಬೆರಳಿಟ್ಟು ತೋರಿಸಿದ್ದರು. ಎಡಗಡೆ ನೋವು ಅಂದವರಿಗೆ ಲಿವರಿನದು ಅಂದಿದ್ದರು. ಬಲಗಡೆ ನೋವು ಅಂದವರಿಗೆ ಏನೂ ಇಲ್ಲ, ವಾಯು ಅಂದಿದ್ದರು.

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಚನ್ನಯ್ಯನವರಿಗೆ ಅದು ಮನಸ್ಸಿಗೆ ಹತ್ತಿಬಿಟ್ಟಿತು. ನೆನಪಿದ್ದ ಗಿರಾಕಿಗಳ ಹೆಸರು ಬರೆದುಕೊಂಡು, ರವಿವಾರ ಲೂನಾ ಹತ್ತಿ ಒಬ್ಬೊಬ್ಬರ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳತೊಡಗಿದರು. ಬಹಳ ಮಂದಿಗೆ ಅವರು ಏನು ಹೇಳುತ್ತಿದ್ದಾರೆಂಬುದೇ ತಿಳಿಯಲಿಲ್ಲ. ಕೆಲವರು ಚಹಾ ಕುಡಿಸಿ ಕಳಿಸಿದರು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಫಕೀರಪ್ಪನ ಬಗ್ಗೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಇತ್ತು. ನಾಲ್ಕು ವರ್ಷದ ಹಿಂದೆ ಫಕೀರಪ್ಪನಿಗೆ ಕಾಮಾಲೆ ಆಗಿದ್ದಾಗ, ಎಡಮಗ್ಗುಲಿಗೆ ಮಲಗಿದರೆ ಲಿವರ್ ಒತ್ತುತ್ತದೆ, ಬಲಕ್ಕೇ ಮಲಗು ಅಂತ ಇವರು ಹೇಳಿದ್ದರು. ಆತ ಅಂದಿನಿಂದ ಬಲಕ್ಕೇ ಮಲಗುತ್ತಿದ್ದ. ಅಂದರೆ ನಾಲ್ಕು ವರ್ಷ ದಿನಾಲೂ ಲಿವರಿನ ಮೇಲೆಯೇ ಮಲಗಿದ್ದ.

ಮೆಣಸಿನಕಾಯಿ ಚೀಲಗಳ ನಡುವೆ ನಿಂತು ಚನ್ನಯ್ಯ ಎಲ್ಲ ಹೇಳಿದರು. ಫಕೀರಪ್ಪ ಬೀಡಿ ಆರಿಸಿ ಪೂರ್ತಿ ಕೇಳಿದ.

"ಚನ್ನಯ್ಯಾರ, ನಾಕ ವರ್ಷ ಒಂದ ಮಗ್ಗಲಾ ಮಲಗೇನಿ. ಈಗ ಆ ಕಡಿ ಹೊಳ್ಳಿದ್ರ ನಿದ್ದಿ ಬರೂದಿಲ್ರಿ. ಅದರ ಪಾಡಿಗೆ ಅದು ಅಲ್ಲೇ ಇರ್ಲಿ ಬಿಡ್ರಿ."

ಇಷ್ಟಾದರೂ ಚನ್ನಯ್ಯನವರ ಎಡಬಲದ ಗೊಂದಲ ಹೋಗಲಿಲ್ಲ. ಹದಿನಾರು ವರ್ಷದ ರೂಢಿ. ಚಿತ್ರ ನೋಡಿದ ಕೂಡಲೇ ಕೈ ತಪ್ಪು ಕಡೆ ಹೋಗುತ್ತಿತ್ತು. ಒಮ್ಮೊಮ್ಮೆ ಎರಡು ಸಲ ತಿದ್ದಿಕೊಂಡು ಮತ್ತೆ ತಪ್ಪಿಗೇ ಬಂದು ನಿಲ್ಲುತ್ತಿದ್ದರು. ಒಳಪರೀಕ್ಷೆಯಲ್ಲಿ ಹೊಟ್ಟೆಯ ಅಂಗಗಳ ಚಿತ್ರ ಬರೆದು ಹೆಸರು ತುಂಬಲು ಕೊಟ್ಟಿದ್ದೆ. ಎಲ್ಲ ಹೆಸರೂ ಸರಿ, ಎಲ್ಲ ಜಾಗವೂ ಅದಲುಬದಲು. ಕನ್ನಡಿಯಲ್ಲಿ ನೋಡಿದರೆ ಪೂರ್ತಿ ಅಂಕ ಕೊಡಬಹುದಿತ್ತು. ನಾನು ಮೂವತ್ತಕ್ಕೆ ಏಳು ಕೊಟ್ಟೆ. ಅವರು ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಹೋದರು. ಅದು ಅವರ ಹೆಂಡತಿ ಶರಣವ್ವನ ಕೈಗೆ ಸಿಕ್ಕಿತು.

ಶರಣವ್ವ ಏಳನೇ ಇಯತ್ತೆ ಓದಿದವಳು. ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಜೊತೆಗೆ ಬಟ್ಟಿ ಕೂಡಿಸುತ್ತಿದ್ದಳು. ನಮ್ಮ ಕಡೆ ಹೊಕ್ಕುಳದ ಹತ್ತಿರ ಮಿಡಿಯುವ ನಾಡಿಗೆ ಬಟ್ಟಿ ಅಂತಾರೆ. ಭಾರ ಎತ್ತಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆ ನೋಯುತ್ತದೆ, ತಿಳಿದವರು ತಿಕ್ಕಿ ಕಾಲ್ಬೆರಳು ಜಗ್ಗಿ ಮತ್ತೆ ಜಾಗಕ್ಕೆ ಕೂಡಿಸಬೇಕು ಎಂದು ನಂಬಿಕೆ. ಮನುಷ್ಯರ ಹೊಟ್ಟೆಯ ವಿಷಯದಲ್ಲಿ ಆ ಮನೆಯಲ್ಲಿ ಮೊದಲಿನಿಂದ ಮಾತು ನಡೆಯುತ್ತಿದ್ದದ್ದು ಶರಣವ್ವನದೇ.

ಅವಳು ಗಂಡನ ಕಷ್ಟವನ್ನು ಕೇಳಿ, ಚಿತ್ರವನ್ನು ಎದುರಿಗೆ ಇಟ್ಟುಕೊಂಡರೆ ಹೀಗೇ ಆಗುತ್ತದೆ, ಜಂಪರಿನ ಅಳತೆಯನ್ನು ಯಾರಾದರೂ ಎದುರಿಗೆ ನಿಲ್ಲಿಸಿಕೊಂಡು ನೋಡುತ್ತಾರೇನು, ಮೈಮೇಲೆ ಹಾಕಿಕೊಂಡೇ ನೋಡಬೇಕು ಅಂದಳಂತೆ. ಚನ್ನಯ್ಯನವರ ಹಳೆಯ ಬಿಳಿ ಬನಿಯನ್ನೊಂದನ್ನು ತೆಗೆದು, ಹೊಲಿಗೆ ಪೆಟ್ಟಿಗೆಯ ತುಂಡು ಅರಿವಿಗಳನ್ನು ಸುರುವಿದಳು. ಗಂಡ ಪುಸ್ತಕ ಓದಿ ಹೇಳುವುದು, ಇವಳು ಕತ್ತರಿಸಿ ಹೊಲಿಯುವುದು. ಇಲಕಲ್ ಸೀರೆಯ ಕೆಂಪು ತುಂಡಿನ ಲಿವರ್ ಬಲಕ್ಕೆ. ಎಡಕ್ಕೆ ಅರಿಶಿಣ ಬಣ್ಣದ ಜಠರ. ಗುಲಾಬಿ ಪಾಪ್ಲಿನ್ನಿನ ಪುಪ್ಪುಸಗಳು. ಸಣ್ಣ ಕರುಳಿಗೆ ಲಂಗದ ಲಾಡಿ, ಗೋಜಲು ಗೋಜಲಾಗಿ. ಮೂತ್ರಪಿಂಡಗಳು ಬೆನ್ನಿನ ಕಡೆ ಇರುತ್ತವೆ ಅಂತ ಗೊತ್ತಾದ ಮೇಲೆ ಬನಿಯನ್ನಿನ ಹಿಂದುಗಡೆ ಹಸಿರು ಮಖಮಲ್ಲಿನ ಎರಡು ತುಂಡು.

ಇದೆಲ್ಲ ನನಗೆ ಗೊತ್ತಾದದ್ದು ಒಂದು ದಿನ ಶರಣವ್ವ ಕಾಲೇಜಿಗೇ ಬಂದಾಗ. ಕೈಚೀಲದಿಂದ ಬನಿಯನ್ ತೆಗೆದು ನನ್ನ ಮೇಜಿನ ಮೇಲೆ ಹಾಸಿದಳು. ನಾನು ಪಾಠ ಶುರುಮಾಡಿದ ಮೇಲೆ ನೋಡಿದ ಅತ್ಯಂತ ಚೆಂದದ ಚಾರ್ಟು ಅದು. ಆದರೆ ಹೊಕ್ಕುಳದ ಜಾಗ ಖಾಲಿ ಇತ್ತು. ಅದನ್ನು ಬೆರಳಿನಿಂದ ತೋರಿಸಿ ಅವಳು ಕೇಳಿದಳು:

"ಬಾಯಾರ, ನಿಮ್ಮ ಬುಕ್ಕಿನ್ಯಾಗ ಬಟ್ಟಿ ಇಲ್ಲ ಅಂತ ಇವ್ರು ಹೇಳಾಕತ್ತಾರ. ನನ್ನ ಬೆರಳಿಗೆ ದಿನಾ ಹತ್ತೂದು ಮತ್ತ ಏನ್ರಿ?"

ಅದು ಮೂಢನಂಬಿಕೆ ಅನ್ನಲು ಬಾಯಿ ತೆರೆದೆ. ಆದರೆ ಅವಳು ನನ್ನನ್ನು ಮಾತಾಡಗೊಡದೆ ಲ್ಯಾಬಿನ ಉದ್ದ ಮೇಜಿನ ಮೇಲೆ ಮಲಗಿಸಿ, ಹೊಕ್ಕುಳದ ಮೇಲೆ ಮೂರು ಬೆರಳಿಟ್ಟು ಒತ್ತಿ, ನನ್ನ ಕೈಯನ್ನೂ ಅಲ್ಲೇ ಇಡಿಸಿದಳು. ಟಪ್ ಟಪ್ ಎಂದು ಮಿಡಿಯುತ್ತಿತ್ತು. ಮಿಡಿಯುತ್ತಿದ್ದದ್ದು ಹೃದಯದಿಂದ ಕೆಳಗಿಳಿಯುವ ಅಯೋರ್ಟಾ, ಮೈಯೊಳಗಿನ ಅತಿ ದೊಡ್ಡ ರಕ್ತನಾಳ. ಹೊಕ್ಕುಳದ ತುಸು ಕೆಳಗೆ ಅದು ಎರಡು ಕವಲಾಗುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದ ನಾನು ಅದನ್ನು ಮುಟ್ಟಿ ನೋಡಿದ್ದು ಅವತ್ತೇ. ಇದು ಬುಕ್ಕಿನಲ್ಲಿದೆ, ಹೆಸರು ಅಯೋರ್ಟಾ, ಆದರೆ ಸರಿಯುವುದಿಲ್ಲ, ಜಾಗ ಬಿಡುವುದಿಲ್ಲ ಅಂತ ಮಲಗಿಕೊಂಡೇ ಹೇಳಿದೆ. ಕೊನೆಯ ಭಾಗವನ್ನು ಶರಣವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಬುಕ್ಕಿನಲ್ಲಿ ಇದೆ, ಹೆಸರಷ್ಟೇ ಬೇರೆ ಅನ್ನುವುದು ಅವಳಿಗೆ ಸಾಕಾಗಿತ್ತು. ಯಾವ ಬಣ್ಣದ ದಾರ ಅಂತ ಕೇಳಿದಳು. ಕೆಂಪು ಅಂದೆ. ಹೋಗುವ ಮುಂಚೆ, ನಿಮ್ಮದು ಅರ್ಧ ಬೆರಳು ಎಡಕ್ಕೆ ಸರಿದಿದೆ, ಬಸ್ಸಿನಲ್ಲಿ ನಿಂತು ಬರಬೇಡಿರಿ ಅಂತ ನನ್ನ ಕಾಲಿನ ಎರಡೂ ಹೆಬ್ಬೆರಳು ಜಗ್ಗಿದಳು.

ಅಂದಿನಿಂದ ಚನ್ನಯ್ಯ ಮನೆಯಲ್ಲಿ ಆ ಬನಿಯನ್ ಹಾಕಿಕೊಂಡೇ ಓದತೊಡಗಿದರು. ಶರಣವ್ವ ರೊಟ್ಟಿ ಬಡಿಯುತ್ತ ಒಂದೊಂದು ಅಂಗದ ಹೆಸರು ಕೂಗುವುದು, ಇವರು ಅದರ ಮೇಲೆ ಕೈಯಿಡುವುದು. ಜಠರ ಅಂದಾಗ ಕೈ ಬಲಕ್ಕೆ ಹೋದರೆ ರೊಟ್ಟಿ ತಡವಾಗುತ್ತಿತ್ತು. ಮುಂದಿನ ಒಳಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೆರಡು ಬಂತು. ರಕ್ತಪರೀಕ್ಷೆಯ ಪ್ರಾಕ್ಟಿಕಲ್ಲಿನಲ್ಲಿ ತಮ್ಮ ಬೆರಳಿಗೆ ತಾವೇ ಸೂಜಿ ಚುಚ್ಚಿಕೊಳ್ಳಲಾಗದೆ ಎರಡು ಸಲ ಮೂರ್ಛೆ ಹೋದದ್ದು ಬಿಟ್ಟರೆ ಉಳಿದದ್ದೆಲ್ಲ ಸುರಳೀತ ನಡೆಯಿತು.

ವಾರ್ಷಿಕ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಊರಿನಿಂದ ಒಬ್ಬ ಪರೀಕ್ಷಕರು ಬಂದರು. ನಿವೃತ್ತಿಗೆ ಹತ್ತಿರವಾದವರು, ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಮೇ ತಿಂಗಳ ಸೆಕೆ. ಕರೆಂಟು ಹೋಗಿತ್ತು. ಚನ್ನಯ್ಯನವರ ಸರದಿ ಬಂದಾಗ ಅವರ ತೆಳು ಬಿಳಿ ಅಂಗಿ ಬೆವರಿಗೆ ತೋಯ್ದು ಮೈಗೆ ಅಂಟಿಕೊಂಡಿತ್ತು. ಅದರೊಳಗಿಂದ ಕೆಂಪು, ಹಳದಿ, ಗುಲಾಬಿ ಬಣ್ಣಗಳು ಕಾಣುತ್ತಿದ್ದವು. 

ಪರೀಕ್ಷಕರು ಕನ್ನಡಕ ಏರಿಸಿ ನೋಡಿ, ಅಂಗಿ ಬಿಚ್ಚಲು ಹೇಳಿದರು. ಚನ್ನಯ್ಯ ಗುಂಡಿ ಬಿಚ್ಚಿದರು. ಮೂವತ್ತು ವರ್ಷದಲ್ಲಿ ತೋಳಿನ ಮೇಲೆ ಬರೆದುಕೊಂಡವರನ್ನು ನೋಡಿದ್ದೇನೆ, ಬೂಟಿನಲ್ಲಿ ಚೀಟಿ ಇಟ್ಟವರನ್ನು ನೋಡಿದ್ದೇನೆ, ಹೊಲಿಸಿಕೊಂಡು ಬಂದವರನ್ನು ನೋಡಿರಲಿಲ್ಲ ಅಂದರು ಪರೀಕ್ಷಕರು. ನಕಲು ಮಾಡಲಿಕ್ಕಲ್ಲ, ಇವತ್ತು ಒಳ್ಳೇದಾಗಲಿ ಅಂತ ಮನೆಯವರೇ ಹಾಕಿ ಕಳಿಸಿದರು, ಹೆಸರು ಎಲ್ಲಿಯೂ ಬರೆದಿಲ್ಲ ನೋಡಿರಿ ಅಂತ ಚನ್ನಯ್ಯ ಕೈಮುಗಿದರು. ಅದು ಖರೇ. ಬನಿಯನ್ ಮೇಲೆ ಒಂದಕ್ಷರವೂ ಇರಲಿಲ್ಲ.

ಪರೀಕ್ಷಕರು ಕುರ್ಚಿಯಿಂದೆದ್ದು ಅವರ ಸುತ್ತ ಒಂದು ಸುತ್ತು ಬಂದರು. ಬೆನ್ನ ಹಿಂದಿನ ಮಖಮಲ್ ಮೂತ್ರಪಿಂಡಗಳ ಹತ್ತಿರ ಸ್ವಲ್ಪ ಹೊತ್ತು ನಿಂತರು. ಬಲಗಡೆಯದು ಎಡದ್ದಕ್ಕಿಂತ ತುಸು ಕೆಳಗಿತ್ತು, ಮನುಷ್ಯರಲ್ಲಿ ಇರುವ ಹಾಗೆಯೇ. ಮುಂದೆ ಬಂದು ಎದೆಯ ಮೇಲೆ ಕಣ್ಣು ನೆಟ್ಟರು.

"ಇದರಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ಹೇಳಿದರೆ ಮುಂದೆ ಕೇಳುತ್ತೇನೆ. ಇಲ್ಲದಿದ್ದರೆ ಹೊರಗೆ ಹೋಗಬಹುದು."

ಚನ್ನಯ್ಯ ತಲೆ ತಗ್ಗಿಸಿ ನೋಡಿಕೊಳ್ಳಲೂ ಇಲ್ಲ.

"ಎಡಗಡೆ ಪುಪ್ಪುಸ ರೀ, ಸರ್. ಬಲಕ್ಕ ಮೂರು ಹಾಲಿ, ಅಂದ್ರ ಭಾಗ, ಎಡಕ್ಕ ಎರಡ ಇರಬೇಕ್ರಿ, ಹೃದಯಕ್ಕ ಜಾಗಾ ಬೇಕಲ್ರಿ. ಇದರಾಗ ಎರಡೂ ಕಡಿ ಮೂರ ಅದಾವು. ನಮ್ಮಾಕಿ ಅರಿವಿ ಮಡಚಿ ಒಮ್ಮೆ ಕತ್ತರಿಸಿಬಿಟ್ಟಾಳ್ರಿ. ನಾ ಹೇಳ್ದೆ. ಒಂದ ಕಡಿ ಸಣ್ಣ ಮಾಡಿದ್ರ ಬನಿಯನ್ ಜೋತು ಬೀಳತೈತಿ ಅಂದ್ಲು."

ಪರೀಕ್ಷಕರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಹೆಗಲು ಎರಡು ಮೂರು ಸಲ ಅಲುಗಿತು. ಮತ್ತೆ ಈ ಕಡೆ ತಿರುಗಿದಾಗ ಮುಖ ಮೊದಲಿನಂತೆಯೇ ಇತ್ತು. ಬನಿಯನ್ ತೆಗೆಸಿ ಮೇಜಿನ ಮೇಲಿಡಿಸಿ, ಬರಿಮೈಯಲ್ಲಿ ನಿಂತ ಚನ್ನಯ್ಯನವರನ್ನು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ಇವರು ತಮ್ಮ ಹೊಟ್ಟೆ, ಎದೆ, ಬೆನ್ನು ಮುಟ್ಟಿ ಮುಟ್ಟಿ ಉತ್ತರ ಕೊಟ್ಟರು. ಎರಡು ತಪ್ಪಾದವು, ಎರಡೂ ಮಿದುಳಿನ ಬಗ್ಗೆ. ಬನಿಯನ್ ಕುತ್ತಿಗೆಗೇ ಮುಗಿದಿತ್ತಲ್ಲ.

ಚನ್ನಯ್ಯ ಪಾಸಾದರು. ಆ ಬನಿಯನ್ನನ್ನು ನಾನು ಶರಣವ್ವನಿಂದ ಕೇಳಿ ಪಡೆದು, ಎರಡು ವರ್ಷ ಪಾಠಕ್ಕೆ ಬಳಸಿದೆ. ಕೊನೆಗೆ ಲ್ಯಾಬಿನ ಇಲಿಗಳು ಜಠರ ಮತ್ತು ಸಣ್ಣ ಕರುಳನ್ನು ತಿಂದುಹಾಕಿದವು.

೧೯೯೯ರಲ್ಲಿ ಎರಡನೇ ವರ್ಷವೂ ಮುಗಿದು, ಅಂಗಡಿಯ ಲೈಸೆನ್ಸಿನಲ್ಲಿ ಚನ್ನಯ್ಯನವರ ಹೆಸರು ಬಂತು. ಎಡಕ್ಕೆ ನೋವು, ಬಲಕ್ಕೆ ನೋವು ಅಂತ ಬಂದವರಿಗೆ ಅವರು ಈಗ ಜಾಗ ತೋರಿಸುವುದನ್ನೇ ಬಿಟ್ಟು, ಡಾಕ್ಟರ ಕಡೆ ಹೋಗಿ ಬರ್ರಿ ಅನ್ನುತ್ತಿದ್ದರು. ಓದಿದ ಮೇಲೆ ಚನ್ನಯ್ಯಗ ಮೊದಲಿನಷ್ಟು ತಿಳಿಯೂದಿಲ್ಲ ಅಂತ ಓಣಿಯ ಮಂದಿಯ ದೂರು.

೨೦೦೪ರಲ್ಲಿ ಗುರುಶಿದ್ದಪ್ಪನವರಿಗೆ ಪಿತ್ತಕೋಶದಲ್ಲಿ ಹರಳು ಆಗಿ ಆಪರೇಶನ್ ಆಯಿತು. ಜೊತೆಗೆ ಹೋಗಿದ್ದವರು ಚನ್ನಯ್ಯ. ಪಿತ್ತನಾಳ ಎಷ್ಟು ಉದ್ದ ಉಳಿಸುತ್ತೀರಿ, ಅದರ ಹತ್ತಿರದ ರಕ್ತನಾಳ ಕೆಲವರಿಗೆ ಎರಡಿರುತ್ತದಂತೆ, ನೋಡಿಕೊಂಡಿರೇನು ಅಂತ ಸರ್ಜನ್ನರ ಬೆನ್ನು ಹತ್ತಿದ್ದರಿಂದ, ಕೊನೆಗೆ ನರ್ಸಮ್ಮ ಇವರನ್ನು ಕೆಳಗಿನ ಕ್ಯಾಂಟೀನಿಗೆ ಕಳಿಸಿದಳಂತೆ. ಹೊರತೆಗೆದ ಮೂರು ಹರಳನ್ನು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಗುರುಶಿದ್ದಪ್ಪನವರಿಗೆ ಅದನ್ನು ಒಗೆಯಲು ಮನಸ್ಸಾಗಲಿಲ್ಲ, ಮನೆಯಲ್ಲಿಡಲು ಹೆಂಡತಿ ಒಪ್ಪಲಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟರು. ನಾನು ಆ ವಾರ ಮಗುವಿಗೆ ಜ್ವರದ ಔಷಧಿ ಒಯ್ಯಲು ಹೋದಾಗ ಒಬ್ಬ ಮುದುಕಿ ಅದನ್ನು ತೋರಿಸಿ, ಆ ದೊಡ್ಡ ಗುಳಿಗೆ ಮೊಣಕಾಲು ನೋವಿಗೆ ನಡೆಯುತ್ತದೇನು ಅಂತ ಕೇಳುತ್ತಿದ್ದಳು. ಚನ್ನಯ್ಯ ಅವಳನ್ನು ಸ್ಟೂಲಿನ ಮೇಲೆ ಕೂಡಿಸಿ, ಅದು ಯಾರದು, ಎಲ್ಲಿಂದ ಬಂತು ಎಂಬುದನ್ನು ಮೊದಲಿನಿಂದ ಹೇಳಲು ಶುರುಮಾಡಿದ್ದರು.